ನಲ್ಲಿಯ ಮುಂದಿನ ಗರಿ

ದೋಣಿ ಹವಳದ ದಿಬ್ಬದ ಬಾಯಲ್ಲೇ ನಿಂತುಬಿಟ್ಟಿತು. ಊರಿಗೆ ಹೋಗುವ ದಾರಿ ಅದೊಂದೇ. ಅದರ ನಡುವೆ ಕೋಲಿಗೆ ಕಟ್ಟಿದ ನಮೆಲೆ ಮರದ ಗರಿ, ಯಾರೂ ದಾಟಬಾರದೆಂಬ ಗುರುತು. ಊರಿನ ಮುಖಂಡ ತೀರಿಕೊಂಡಾಗ ಹೆಂಡತಿ ರೊಲಿನಾ ಅದನ್ನು ನೆಟ್ಟಿದ್ದಳು. ಗಂಡನ ವರ್ಷದ ತಿಥಿಯ ಊಟಕ್ಕೆ ಮೀನು ತುಂಬಿರಲೆಂದು, ಅವಳೇ ಕೀಳುವ ತನಕ ಯಾರೂ ಆ ನೀರಿಗೆ ಇಳಿಯುವಂತಿಲ್ಲ. ಒಮ್ಮೆ ಕಿತ್ತರೆ ಯಾರು ಬೇಕಾದರೂ ಮೀನು ಹಿಡಿಯಬಹುದು, ಊಟಕ್ಕೆ ಉಳಿಯದು. ಚಂಡಮಾರುತ ಹೊತ್ತೊಯ್ದ ಗರಿಯನ್ನು ಮಾರನೆಯ ದಿನವೇ ಮತ್ತೆ ನೆಟ್ಟಿದ್ದಳು, ಮಹಾರಾಯ್ತಿ.

ದೋಣಿಯಲ್ಲಿ ನೀರು ಶುದ್ಧ ಮಾಡುವ ಯಂತ್ರವಿತ್ತು. ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ ಎನ್ನುತ್ತಾರೆ. ಇಲ್ಲಿ ಉಪ್ಪಿಗೇನೂ ಬಡತನವಿರಲಿಲ್ಲ. ಬಾವಿಗಳಿಗೆಲ್ಲ ಕಡಲು ನುಗ್ಗಿ, ಅದನ್ನೇ ಕುಡಿದ ಮಕ್ಕಳು ಭೇದಿ ಹತ್ತಿ ಮಲಗಿದ್ದವು. ಸಂಜೆಯೊಳಗೆ ಯಂತ್ರ ಇಳಿಯದಿದ್ದರೆ ದೋಣಿ ಮುಂದಿನ ದ್ವೀಪಕ್ಕೆ ಹೊರಡಬೇಕು.

ಒಂದು ಎಲೆಗೆ ಇಷ್ಟು ಹೆದರಿಕೆಯೇ ಎಂದು ಪರಿಹಾರ ಸಂಸ್ಥೆಯ ತಂಡದ ಮುಖ್ಯಸ್ಥ ಡಂಕನ್ ರೇಗಿದ. ಇದೇ ಊರಲ್ಲಿ ಹುಟ್ಟಿ, ಈಗ ಅವನ ತಂಡದಲ್ಲಿದ್ದ ಲೇಸಾಲೆ ಕಡ್ಡಿ ತುಂಡು ಮಾಡಿದಂತೆ ಹೇಳಿದಳು: "ನುಗ್ಗಿದ್ರೆ ಯಂತ್ರ ಇಳಿಯುತ್ತೆ. ಅದರ ನೀರನ್ನ ಮಾತ್ರ ಯಾರೂ ಕುಡಿಯಲ್ಲ."

ಅಷ್ಟರಲ್ಲಿ ರೊಲಿನಾ ಸಣ್ಣ ದೋಣಿಗೆ ಹುಟ್ಟು ಹಾಕುತ್ತ ಬಂದು ಗರಿಗೆ ಅಡ್ಡ ನಿಂತು ಲೇಸಾಲೆಯತ್ತ ತಿರುಗಿದಳು.

"ನಿನ್ನ ಚಿಕ್ಕಪ್ಪನ ಊಟಕ್ಕೆ ಮೀನಿಲ್ಲ ಅಂದ್ರೆ ಯಾರ ಮರ್ಯಾದೆ ಹೋಗೋದು? ನಿಮ್ಮ ಸಂಸ್ಥೇದಾ?"

"ನಂದೂ ಹೋಗುತ್ತೆ ಚಿಕ್ಕಮ್ಮ. ನನ್ನ ಎತ್ತಿ ಆಡಿಸಿದೋರು ಅವರು. ಆದ್ರೆ ಆ ಊಟಕ್ಕೆ ಕೂರೋಕೆ ಮಕ್ಕಳು ಉಳೀಬೇಕಲ್ಲ?"

ರೊಲಿನಾಳ ತುಟಿಗಳೂ ಒಣಗಿ ಬಿರಿದಿದ್ದವು. ಅವಳು ಕೋಲನ್ನು ಕಿತ್ತು ದೋಣಿಯಲ್ಲಿಟ್ಟುಕೊಂಡು ಮುಂದೆ ಹೊರಟಳು. ಎಸೆಯಲಿಲ್ಲ.

ಯಂತ್ರ ಇಳಿಯಿತು. ನಲ್ಲಿಯಲ್ಲಿ ಸಿಹಿನೀರು ಕಂಡದ್ದೇ ತಡ, ಗಂಡಸರು ನಾ ಮುಂದು ತಾ ಮುಂದು ಎಂದು ನುಗ್ಗಿದರು. ರೊಲಿನಾ ನಲ್ಲಿಯ ಮುಂದೆ ಅದೇ ಗರಿ ನೆಟ್ಟಳು.

"ಮಕ್ಕಳು ಕುಡಿದು ಮುಗಿಸೋ ತನಕ ದೊಡ್ಡೋರು ಮುಟ್ಟಂಗಿಲ್ಲ. ಮೀನಿಗೆ ಕಾದೋರಿಗೆ ನೀರಿಗೆ ಕಾಯೋಕೇನು ರೋಗ?"

ಲೋಟ ಹಿಡಿದಿದ್ದ ಡಂಕನ್ ತೆಪ್ಪಗೆ ಹಿಂದೆ ಸರಿದ.

ಕೊನೆಯ ಮಗು ಕುಡಿದ ಮೇಲೆ ರೊಲಿನಾ ಗರಿ ಕಿತ್ತಳು. ಊರವರೆಲ್ಲ ಕುಡಿದರು; ಅವಳು ಮಾತ್ರ ದೂರವೇ ನಿಂತಿದ್ದಳು. ಲೇಸಾಲೆ ಲೋಟ ತುಂಬಿ ತಂದು ಕೊಟ್ಟಳು. ಮೊದಲ ಗುಟುಕಿಗೆ ರೊಲಿನಾ ಕಣ್ಣು ಮುಚ್ಚಿದಳು.

"ಊಟದ ದಿನ ಮೀನು ಕಮ್ಮಿ ಬಿದ್ರೆ ನೀನೇ ಹಿಡಿದು ತರಬೇಕು," ಎಂದಳು.

"ತರ್ತೀನಿ."

"ಮಕ್ಕಳೆಲ್ಲ ಬರ್ತಾರೆ. ಜಾಸ್ತೀನೇ ಬೇಕಾಗುತ್ತೆ."