ಬಾಗಿಲ ಬಳಿಯ ಸಿಪಾಯಿ

"ಎಂಟನೇ ಕ್ಲಾಸಿಗೇ ಸಾಲಿ ಬಿಟ್ಟಾಂವ ನಮಗ ಇತಿಹಾಸ ತೋರಸಾಕ ಬಂದಾನ ನೋಡ್ರಿ," ಎಂದರು ಸಿದ್ದಲಿಂಗಪ್ಪ ಮಾಮಾ. ಲಂಡನ್ನಿನ ಪಿನ್ನರ್ ಬಡಾವಣೆಯ ಅವರ ಮನೆಗೆ ಊಟಕ್ಕೆ ಬಂದಿದ್ದ ಡಾಕ್ಟರುಗಳೆಲ್ಲ ನಕ್ಕರು. "ಡಬ್ಬಿ ಹೊರಾಂವಗ ಇಟಲಿ ಸರ್ಕಾರ ಯಾಕ ಬೇಕಲೇ?"

ಮೈ ಉರಿಯಿತು. ಆದರೂ ಕ್ಯಾಸೆಟ್ಟನ್ನು ವಿಸಿಆರ್‌ಗೆ ತಳ್ಳಿದೆ. ಹೌನ್ಸ್ಲೋದ ಗೋದಾಮಿನಲ್ಲಿ ಹಳೆಯ ಸುದ್ದಿಚಿತ್ರಗಳ ಡಬ್ಬಿ ಹೊರುವುದೇ ನನ್ನ ಕೆಲಸ, ಸುಳ್ಳಲ್ಲ. ಅಲ್ಲಿಯವನೊಬ್ಬನನ್ನು ಕಾಡಿ ಬೇಡಿ ಈ ಪ್ರತಿ ಮಾಡಿಸಿದ್ದು ಆಯಿಗಾಗಿ. ಆಯಿ ಅಂದರೆ ಮಾಮಾನ ತಾಯಿ, ನನ್ನವ್ವನ ತಾಯಿ, ಶಿವಕ್ಕ. ಬೆಳಗಾವಿಯಿಂದ ಮಗನ ಮನೆ ನೋಡಲು ಬಂದವಳು ಇನ್ನೇನು ಹೊರಡುವುದರಲ್ಲಿದ್ದಳು. ಅವಳ ಗಂಡ ಎರಡನೇ ಮಹಾಯುದ್ಧದ ಕಾಲಕ್ಕೆ ಪಲ್ಟನ್ನು ಸೇರಿ ಇಟಲಿಗೆ ಹೋದವನು ಮರಳಲಿಲ್ಲ. ಆಗ ಮಾಮಾ ಹಾಲುಗೂಸು. ಅಜ್ಜನದೊಂದು ಫೋಟೋ ಕೂಡ ಮನೆಯಲ್ಲಿ ಇಲ್ಲ.

ಪರದೆಯ ಮೇಲೆ ಸದ್ದಿಲ್ಲದೆ ಕೋಟು ತೊಟ್ಟ ಮುದುಕರು ಬಂದರು. ಯುದ್ಧ ಇನ್ನೂ ನಡೆದಿರುವಾಗಲೇ ಇಟಲಿಯ ತಾತ್ಕಾಲಿಕ ಸರ್ಕಾರ ಕಟ್ಟಲು ಕೂಡಿದ ರಾಜಕಾರಣಿಗಳು. ಕುರ್ಚಿ ಎಳೆದರು, ಸಿಗರೇಟು ಹಚ್ಚಿದರು, ಮುಖ ತಿರುವಿದರು, ಮತ್ತೆ ಕೈ ಕುಲುಕಿದರು. ಅವರ ಹಿಂದೆ, ಬಾಗಿಲ ಬಳಿ, ಬಂದೂಕು ಹಿಡಿದ ನಮ್ಮ ದೇಶದ ಸಿಪಾಯಿ. ಅವನು ನೆಟ್ಟಗೆ ಕ್ಯಾಮೆರಾವನ್ನೇ ನೋಡುತ್ತಾನೆ. ಚಳಿಗಾಲವಿಡೀ ಗೋದಾಮಿನಲ್ಲಿ ಊಟದ ಹೊತ್ತಿಗೆ ಒಬ್ಬನೇ ಕೂತು ಅವನನ್ನು ನೋಡಿದ್ದೆ. ಈ ಊರಲ್ಲಿ ನನ್ನತ್ತ ಹಾಗೆ ನೋಡಿದ ಮುಖ ಅದೊಂದೇ. ಅಜ್ಜನೇ ಇರಬೇಕು, ಇರಲೇಬೇಕು.

ಆಯಿಗೆ ಏನೂ ಹೇಳಿರಲಿಲ್ಲ. ಗಂಡನ ಹೆಸರನ್ನು ಅವಳು ಬಾಯಲ್ಲಿ ಆಡುವುದಿಲ್ಲ. ಯಾರಾದರೂ ಅವನ ಮಾತು ತೆಗೆದರೆ ಈಗಲೂ ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಾಳೆ. ಅವನನ್ನೇ ಕಂಡರೆ ಗೊತ್ತಾಗದೆ ಇರುತ್ತದೆಯೇ?

ಸಿಪಾಯಿ ಬಂದ. ಆಯಿ ಕನ್ನಡಕ ಸರಿಮಾಡಿಕೊಂಡು ನೋಡಿದಳು. ಸೆರಗು ಹೆಗಲ ಮೇಲೇ ಇತ್ತು.

"ಯಾರ ಮಗನೋ ಪಾಪ," ಎಂದಳು. "ಆ ಮುದುಕರೊಳಗ ಒಬ್ಬರರ ಅವಂಗ ಕುಂದ್ರಪಾ ಅನವಲ್ಲರು."

ಎದ್ದು ಅಡಿಗೆಮನೆಗೆ ಹೋದಳು. ಯಾರೋ ಮತ್ತೆ ನಕ್ಕರು. ಮಾಮಾ ನಗಲಿಲ್ಲ. ರಿಮೋಟು ಒತ್ತಿ ಚಿತ್ರ ನಿಲ್ಲಿಸಿ, ಅಷ್ಟು ಮಂದಿಯ ಎದುರು ಟಿವಿಯ ಮುಂದೆ ಮೊಣಕಾಲೂರಿದರು. ನಡುಗುವ ಗೀರುಗಳ ನಡುವಿನ ಆ ಮುಖದೆದುರು ತಮ್ಮ ಮುಖ ಹಿಡಿದರು.

"ಸುಶಾಂತ," ಎಂದರು, ಸಣ್ಣ ದನಿಯಲ್ಲಿ. "ಇವರು... ನಮ್ಮಪ್ಪ ಏನೋ?"

ಆಯಿಯ ಸೆರಗನ್ನು ಅವರು ನೋಡಿರಲಿಲ್ಲ. 'ಅಲ್ಲ' ಎಂಬ ಒಂದೇ ಮಾತಿನಲ್ಲಿ ಸೇಡು ತೀರಿಸಿಕೊಳ್ಳಬಹುದಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು.

ಜಾಕೆಟ್ಟು ಎತ್ತಿಕೊಂಡು, ಕ್ಯಾಸೆಟ್ಟು ಅಲ್ಲೇ ಬಿಟ್ಟು, ಹೊರಗೆ ನಡೆದೆ.