ಕಾಲುವೆ ನೀರಿನ ಬಾಟಲಿ

ಬಟ್ಟೆಗೆ ಬಣ್ಣ ಹಾಕುವ ಆ ಕಾರ್ಖಾನೆಯಲ್ಲಿ ಅವಳು ಹನ್ನೊಂದು ವರ್ಷದಿಂದ ನೀರು ಪರೀಕ್ಷೆ ಮಾಡುತ್ತಿದ್ದಳು. ಕಾಲುವೆಗೆ ಬಿಡುವ ನೀರು ಮಸಿಯ ಹಾಗಿದ್ದರೂ ಯಾರೂ ಏನೆಂದು ಕೇಳಿರಲಿಲ್ಲ. ಈಗ ಹೊಸ ಕಾನೂನು ಬಂದಿತ್ತು: ಬಟ್ಟೆ ಕೊಳ್ಳುವ ದೊಡ್ಡ ಕಂಪನಿ, ತನಗೆ ಮಾಲು ಕೊಡುವವರ ಕೊಳೆಗೂ ತಾನೇ ಉತ್ತರ ಹೇಳಬೇಕು. ಹಾಗಾಗಿ ಆ ಕಂಪನಿಯ ಅಧಿಕಾರಿ ಅಂದು ಕಾಲುವೆ ನೀರಿನ ಮಾದರಿ ಒಯ್ಯಲು ಬರುವವನಿದ್ದ.

ಬೆಳಿಗ್ಗೆ ಮ್ಯಾನೇಜರ್ ಅವಳನ್ನು ಕರೆಸಿ, ಬಾಟಲಿಗೆ ನಲ್ಲಿ ನೀರು ತುಂಬಿ ಸೀಲ್ ಮಾಡಲು ಹೇಳಿದ. ಅವಳು ಹೂಂಗುಟ್ಟಿ ನೆಟ್ಟಗೆ ಕಾಲುವೆಗೆ ಹೋಗಿ ಅಲ್ಲಿನ ನೀರನ್ನೇ ಬಾಟಲಿಗೆ ತುಂಬಿದಳು. ಆ ನೀರಿಗಿಳಿದಿದ್ದ ಪಕ್ಕದ ಓಣಿಯ ಹೆಣ್ಣುಮಗುವೊಂದರ ಪಾದದ ಚರ್ಮ ಸುಲಿದು ಬಂದದ್ದನ್ನು ಹಿಂದಿನ ವಾರವಷ್ಟೇ ಕಣ್ಣಾರೆ ಕಂಡಿದ್ದಳು.

ಇದನ್ನು ಕ್ಯಾಮೆರಾದಲ್ಲಿ ನೋಡಿದ ಮ್ಯಾನೇಜರ್ ಕಾವಲಿನ ಮುಖ್ಯಸ್ಥನನ್ನು ಅಟ್ಟಿದ. ಅವನು ಬೇರೆ ಯಾರೂ ಅಲ್ಲ, ಅವಳ ಗಂಡನ ಅಣ್ಣ. ಒಂದೇ ಮನೆ, ಒಂದೇ ಒಲೆ.

ಕಾಲುವೆ ಪಕ್ಕದ ಪಂಪುಮನೆಯ ಬಾಗಿಲಲ್ಲಿ ಅವನು ಅವಳ ಕೈ ಹಿಡಿದು, "ಬಾಟ್ಲಿ ಕೊಡಮ್ಮ. ಉಳಿದಿದ್ದು ಮನೇಲಿ ಮಾತಾಡೋಣ," ಎಂದ.

"ಮನೇಲೇನಿದೆ ಮಾತಾಡೋಕೆ? ಕೈ ಬಿಡಿ ಭಾವ."

ಅವನು ಬಿಡಲಿಲ್ಲ. ಮೊದಲು ತಿರುಚಿದ. ಆಮೇಲೆ ಅವಳ ಬಲ ಮುಂಗೈಯನ್ನು ಕಬ್ಬಿಣದ ಬಾಗಿಲ ಸಂದಿಗೆ ಒತ್ತಿ ಬಾಗಿಲೆಳೆದ. ಮೂಳೆ ಮುರಿದ ಸದ್ದು ಇಬ್ಬರಿಗೂ ಕೇಳಿಸಿತು. ಅವಳ ಎಡಗೈಗೆ ಸ್ಪ್ಯಾನರ್ ಸಿಕ್ಕಿತು, ಬೀಸಿದಳು. ಅವನ ಕಣ್ಣಿಗೇ ತಗಲಿತು. ಬೆರಳ ಸಂದಿಯಲ್ಲಿ ರಕ್ತ ಸುರಿಸುತ್ತಾ ಅವನು ಕುಕ್ಕರಿಸಿದ. ಇನ್ನೊಮ್ಮೆ ಹೊಡೆದಳು. ಮೂರನೆಯ ಏಟು ಬೇಕಿರಲಿಲ್ಲ; ಅದನ್ನೂ ಹೊಡೆದಳು.

ಅಷ್ಟರಲ್ಲಿ ಅಧಿಕಾರಿಯ ಕಾರು ಒಳಬಂತು. ಮುರಿದ ಕೈ ಜೋತುಬಿದ್ದಿದ್ದರೂ ಹೋಗಿ ಅವಳು ಎಡಗೈಯಿಂದ ಬಾಟಲಿ ಕೊಟ್ಟಳು.

ನಾಲ್ಕನೇ ದಿನ ಆ ಅಧಿಕಾರಿ ಅವಳಿದ್ದ ಆಸ್ಪತ್ರೆಗೆ ಫೋನ್ ಮಾಡಿದ. "ಆ ಕಾರ್ಖಾನೇನ ಮಾಲು ಕೊಡೋರ ಪಟ್ಟಿಯಿಂದ ತೆಗೆದ್ವಿ ಮೇಡಂ. ಇನ್ನು ನಮಗೇನೂ ಅಪಾಯ ಇಲ್ಲ."

"ಮತ್ತೆ ಕಾಲುವೆ?"

ಅದು ತನ್ನ ವಿಭಾಗಕ್ಕೆ ಬರುವುದಿಲ್ಲವೆಂದು ಹೇಳಿ, ಬೇಗ ಹುಷಾರಾಗಿ ಎಂದು ಹಾರೈಸಿದ.

ಅವಳು ಮನೆಗೆ ಬರುವಷ್ಟರಲ್ಲಿ, ಕೊಳ್ಳುವವರಿಲ್ಲದೆ ಕಾರ್ಖಾನೆಗೆ ಬೀಗ ಬಿದ್ದಿತ್ತು. ಮರುದಿನವೇ ಕೆಲಸ ಕಳೆದುಕೊಂಡವರು ಅವಳ ಮನೆಗೆ ಕಲ್ಲು ತೂರಿದರು. ಕಿಟಕಿಗಳು ಪುಡಿಯಾದವು, ಅವಳ ಗಂಡನ ಹಣೆ ಒಡೆಯಿತು. ಒಕ್ಕಣ್ಣನಾದ ಭಾವ ದೊಣ್ಣೆ ಹಿಡಿದು ಹೊಸ್ತಿಲಲ್ಲಿ ನಿಂತು ಅವರನ್ನು ಓಡಿಸಿದ. ಆಮೇಲೆ ಪೊಲೀಸರ ಮುಂದೆ, ಕೈ ಮುರಿದವನು ನಾನೇ, ಮಾಡಿಸಿದವನು ಮ್ಯಾನೇಜರ್ ಎಂದು ಬರೆದುಕೊಟ್ಟ.

ಅಂದು ಮಧ್ಯಾಹ್ನ ಅವನೇ ಅನ್ನ ಕಲಸಿ, ಚಮಚ ಇಟ್ಟು, ತಟ್ಟೆಯನ್ನು ಅವಳ ಮುಂದೆ ತಂದಿಟ್ಟ. ಅವಳು ಎಡಗೈಯಿಂದ ಅದನ್ನೆತ್ತಿ ಅವನ ಮುಖಕ್ಕೆ ಎಸೆದಳು. ಅವನು ತಪ್ಪಿಸಿಕೊಳ್ಳಲಿಲ್ಲ. ಮುಖ ಒರೆಸಿಕೊಂಡು, ನೆಲದ ಅಗುಳೆಲ್ಲ ಬಳಿದು ತೆಗೆದು, ಇನ್ನೊಂದು ತಟ್ಟೆ ತರಲು ಒಳಗೆ ಹೋದ.