ಅರವತ್ತನಾಲ್ಕು ಟೈರುಗಳ ಸರ್ಕಲ್ಲು

ನಮ್ಮ ಕಚೇರಿಯ ಮೊದಲ ಮಹಡಿಯ ಕಾರಿಡಾರಿನಲ್ಲಿ, ಸರಿಯಾಗಿ ನಟ್ಟನಡುವೆ, ಒಂದು ಕಬ್ಬಿಣದ ಬೀರು ನಿಂತಿದೆ. ಹನ್ನೊಂದು ವರ್ಷದ ಹಿಂದೆ ಗುಜರಿಗೆ ಹಾಕಲೆಂದು ಕೋಣೆಯಿಂದ ಹೊರಗೆ ಎಳೆದರಂತೆ. ಅಷ್ಟರಲ್ಲಿ ಯಾರಿಗೋ ನೆನಪಾಯಿತಂತೆ: ದಾಸ್ತಾನು ಪುಸ್ತಕದಲ್ಲಿ ನಂಬರು ಪಡೆದ ಯಾವ ವಸ್ತುವನ್ನೂ ವಿಲೇವಾರಿ ಸಮಿತಿಯ ಸಹಿಯಿಲ್ಲದೆ ಸಾಗಿಸುವಂತಿಲ್ಲ. ಸಮಿತಿಯ ಕಡತ ಎಲ್ಲಿದೆ? ಬೀರುವಿನೊಳಗೆ. ಬೀಗದ ಕೈ? ಕಳೆದಿದೆ. ಬೀಗ ಒಡೆಯಬೇಕಾದರೆ? ಸಮಿತಿಯ ಸಹಿ ಬೇಕು. ಅಂದಿನಿಂದ ಸಮಿತಿಯೂ ಸೇರಿಲ್ಲ, ಬೀರುವೂ ಕದಲಿಲ್ಲ.

ರಸ್ತೆ ವಿಭಾಗದ ಕೆಲಸಕ್ಕೆ ಸೇರಿದ ಮೊದಲ ತಿಂಗಳು ನಾನು ಮಾಡಿದ್ದೆಂದರೆ ಆ ಬೀರುವನ್ನು ನೋಡುತ್ತ ಕೂತದ್ದು. ಬಾಯಿ ಬಿಡದ ಹುಡುಗಿಗೆ ಮೂಲೆಯ ಮೇಜು ಕೊಟ್ಟಿದ್ದರು. ಅಲ್ಲಿಂದ ಕಾಣುತ್ತಿದ್ದುದು ಅದೊಂದೇ. ಫೈಲು ಹೊತ್ತು ಬಿರಬಿರನೆ ಬರುವವರು ಬೀರುವಿನ ಹತ್ತಿರ ತಾವಾಗಿಯೇ ನಿಧಾನಿಸುತ್ತಿದ್ದರು. ಎದುರಿನವರನ್ನು ನೋಡಿ, ಎಡಕ್ಕೆ ಸರಿದು, ಸುತ್ತಿಕೊಂಡು ಹೋಗುತ್ತಿದ್ದರು. ಹನ್ನೊಂದು ವರ್ಷದಲ್ಲಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದದ್ದಿಲ್ಲ, ಸಾಹೇಬರ ಚಹಾ ಒಂದು ಹನಿ ಚೆಲ್ಲಿದ್ದಿಲ್ಲ. ದಿನಚರಿಯಲ್ಲಿ ಅದರ ಚಿತ್ರ ಬರೆದೆ. ಪಕ್ಕದಲ್ಲೇ ನಮ್ಮ ಮನೆಯ ಹತ್ತಿರ ನಾಲ್ಕು ರಸ್ತೆ ಕೂಡುವ ಜಾಗದ ಚಿತ್ರ ಬರೆದೆ.

ಆ ಜಾಗದ ಮೇಲೆ ನನಗೆ ಹಳೆಯ ಸಿಟ್ಟಿತ್ತು. ಮನೆ ರಸ್ತೆಯ ಈಚೆ, ಅಮ್ಮನ ಹೊಲಿಗೆ ಅಂಗಡಿ ಆಚೆ. ದಿನಕ್ಕೆ ನಾಲ್ಕು ಸಲ ದಾಟಬೇಕು. ಹಳದಿ ದೀಪ ಬಂದರೆ ನಿಧಾನಿಸಬೇಕೆಂದು ಪುಸ್ತಕದಲ್ಲಿದೆ. ರಸ್ತೆಯ ಮೇಲೆ ಅದರ ಅರ್ಥ, ಬಿಟ್ಟರೆ ಸಿಗದು, ಓಡು. ಹಿಂದಿನ ವರ್ಷ ಹಾಗೆ ಓಡಿದ ಸ್ಕೂಟರೊಂದು ಅಮ್ಮನನ್ನು ಬಟ್ಟೆಗಂಟಿನ ಸಮೇತ ಉರುಳಿಸಿತು. ಸ್ಕೂಟರಿನವನು ಬಗ್ಗಿ ಮೊದಲು ನೋಡಿದ್ದು ತನ್ನ ಹೆಡ್‌ಲೈಟನ್ನು. ಅಮ್ಮನ ಎಡ ಮೊಣಕಾಲು ಇನ್ನೂ ಪೂರ್ತಿ ಮಡಚುವುದಿಲ್ಲ. ಬಲಗಾಲೊಂದರಲ್ಲೇ ಮೆಷಿನ್ ತುಳಿಯುತ್ತಾಳೆ.

ಸಾಹೇಬರು ಊಟಕ್ಕೆ ಹೋದಾಗ ಚಿತ್ರವನ್ನು ಅವರ ಮೇಜಿನ ಮೇಲಿಟ್ಟು ಓಡಿ ಬಂದೆ. ಅವರಿಗೆ ಹಿಡಿಸಿತು. ದೀಪ ಆರಿಸಿ, ನಡುವೆ ದುಂಡಗೆ ಏನಾದರೂ ಇಟ್ಟು ಆರು ತಿಂಗಳು ನೋಡೋಣ ಎಂದರು. ಕಚೇರಿಯ ಹಿತ್ತಲಲ್ಲಿ ಸೊಳ್ಳೆ ಸಾಕಿಕೊಂಡು ಬಿದ್ದಿದ್ದ ಹಳೆಯ ಲಾರಿ ಟೈರುಗಳು, ಒಟ್ಟು ಅರವತ್ತನಾಲ್ಕು, ರಸ್ತೆಗಿಳಿದವು. ಮೊದಲ ವಾರ ಗಾಡಿಯವರೆಲ್ಲ ಹಾರ್ನಿನಲ್ಲೇ ನಮ್ಮ ವಂಶ ಜಾಲಾಡಿದರು. ಎರಡನೇ ವಾರ ಬೈಗುಳ ಉಳಿಯಿತು, ವೇಗ ಇಳಿಯಿತು. ಟೈರಿನ ಹತ್ತಿರ ಬಂದವರು ಬೀರುವಿನ ಹತ್ತಿರ ಬಂದ ಗುಮಾಸ್ತರಂತೆ ಸಾಧುವಾದರು. ಟೈರು ಇಡುವ ಮುಂಚಿನ ಆರು ತಿಂಗಳಲ್ಲಿ ಅಲ್ಲಿ ಬಿದ್ದವರು ಏಳು ಜನ. ಇಟ್ಟ ಮೇಲೆ ಒಬ್ಬರೂ ಇಲ್ಲ.

ಆರು ತಿಂಗಳು ತುಂಬಿದ ಶುಕ್ರವಾರ ಸಾಹೇಬರು ಕರೆಸಿದರು.

“ಆರು ತಿಂಗಳಲ್ಲಿ ಎಷ್ಟಮ್ಮ ಅಪಘಾತ?”

“ಸೊನ್ನೆ ಸಾರ್.” ಹೆಮ್ಮೆಗೆ ನನ್ನ ದನಿ ಎದುರಿನವರಿಗೆ ಕೇಳಿಸುವಷ್ಟು ಹೊರಗೆ ಬಂತು.

“ಸೊನ್ನೆನಾ!” ಸಾಹೇಬರು ತಲೆಯ ಮೇಲೆ ಕೈ ಹೊತ್ತರು. “ಏನಮ್ಮಾ ನೀನು, ಫೈಲಿನ ಕತ್ತು ಹಿಸುಕಿಬಿಟ್ಟೆಯಲ್ಲ! ಕಾಯಂ ಸರ್ಕಲ್ ಕಟ್ಟಬೇಕಾದ್ರೆ ಅದು ಅಪಾಯದ ಜಾಗ ಅಂತ ತೋರಿಸಬೇಕು. ಅರ್ಜಿ ಹಾಕೋ ದಿನದಿಂದ ಹಿಂದಕ್ಕೆ ಆರು ತಿಂಗಳಲ್ಲಿ ಕನಿಷ್ಠ ಐದು ಅಪಘಾತ. ನಿಯಮ.”

“ಟೈರು ಇಟ್ಟಿದ್ದಕ್ಕೇ ಸಾರ್, ಯಾರೂ...”

“ಅದು ನನಗೂ ಗೊತ್ತು. ನಿಯಮಕ್ಕೆ ಗೊತ್ತಿಲ್ಲವಲ್ಲ. ಅಪಾಯವೇ ಇಲ್ಲದ ಜಾಗದಲ್ಲಿ ಟೈರು ಯಾಕೆ ಅಂತ ಮೇಲಿನವರು ಕೇಳಿದ್ರೆ ಏನು ಹೇಳ್ಲಿ? ಸೋಮವಾರ ಲಾರಿ ಕಳಿಸಿ ಎತ್ತಿಸ್ತೀನಿ.” ನನ್ನ ಮುಖ ನೋಡಿ ಅವರಿಗೆ ಕನಿಕರ ಬಂತು. “ಬೇಜಾರ್ ಮಾಡ್ಕೋಬೇಡ. ಎತ್ತಿದ ಮೇಲೆ ಐದು ಜನ ಬೀಳ್ಲಿ, ನಾನೇ ಖುದ್ದಾಗಿ ಸಹಿ ಹಾಕ್ತೀನಿ.”

ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನನಗೆ ಭಯವಾದದ್ದು ಅದಕ್ಕೇ.

ಸಂಜೆ ಅಂಗಡಿಯಲ್ಲಿ ಅಮ್ಮ ಗುಂಡಿ ಹಚ್ಚುತ್ತಿದ್ದಳು. ಎಲ್ಲ ಕೇಳಿ ದಾರವನ್ನು ಹಲ್ಲಿನಿಂದ ಕಡಿದಳು.

“ನಾನು ಬಿದ್ದಿದ್ದು ಲೆಕ್ಕಕ್ಕಿಲ್ವೇನೇ?”

“ಅದು ಹಳೇದಾಯ್ತಮ್ಮ. ಹೊಸದಾಗಿ ಬೀಳಬೇಕಂತೆ.”

“ಹಾಗಾದ್ರೆ ನಿಮ್ಮ ಸಾಹೇಬರನ್ನ ಕರ್ಕೊಂಡು ಬಾ. ಇಬ್ರೂ ಜೊತೆಗೆ ದಾಟ್ತೀವಿ. ಎರಡಾಯ್ತು. ಉಳಿದ ಮೂರಕ್ಕೆ ಪೇಪರಿನಲ್ಲಿ ಜಾಹೀರಾತು ಕೊಡಿ.” ನಕ್ಕಳು. ನಗುತ್ತಲೇ ಕೈ ಬಲ ಮೊಣಕಾಲಿನ ಮೇಲೆ ಹೋಯಿತು. “ಇರೋದು ಇದೊಂದು ಕಾಲು. ಇದೂ ಹೋದ್ರೆ ಮೆಷಿನ್ ತುಳಿಯೋರು ಯಾರೇ?”

ಅವತ್ತು ದಿನಚರಿಯಲ್ಲಿ ಒಂದೇ ಒಂದು ವಾಕ್ಯ ಬರೆದೆ. ಅದನ್ನೇ ನಾಲ್ಕು ಸಲ ಬರೆದು ಬಾಯಿಪಾಠ ಮಾಡಿದೆ. ಮರುದಿನ ನೇರವಾಗಿ ಸ್ಟೋರಿಗೆ ಹೋದೆ.

ಸ್ಟೋರ್ ಕೀಪರಿಗೆ ಕಚೇರಿಯಲ್ಲಿ ನಂಬರಣ್ಣ ಎಂದೇ ಹೆಸರು. ಕುರ್ಚಿ, ಗಡಿಯಾರ, ಪೊರಕೆ, ಅವರ ಬಿಳಿ ಬಣ್ಣದ ನಂಬರಿನಿಂದ ತಪ್ಪಿಸಿಕೊಂಡದ್ದು ಯಾವುದೂ ಇಲ್ಲ. ಬೆನ್ನುನೋವಿಗೆಂದು ಸಾಹೇಬರು ಮನೆಯಿಂದ ತಂದ ದಿಂಬಿಗೂ ನಂಬರು ಬಿದ್ದು, ಈಗ ಅದು ಮನೆಗೆ ಹೋಗುವಂತಿಲ್ಲ.

“ಅಣ್ಣಾ,” ಎಂದೆ. ಕಿವಿ ಬಿಸಿಯಾಯಿತು. “ರಸ್ತೆಯಲ್ಲಿರೋ ನಮ್ಮ ಅರವತ್ತನಾಲ್ಕು ಟೈರಿಗೆ ನಂಬರೇ ಇಲ್ಲವಲ್ಲ.”

ಅವರ ಕನ್ನಡಕ ಮೂಗಿನ ತುದಿಗೆ ಜಾರಿತು. “ಇಲ್ವಾ?”

“ಒಂದಕ್ಕೂ ಇಲ್ಲ.”

“ಕಚೇರಿ ಮಾಲು, ಆರು ತಿಂಗಳಿಂದ ಬೀದೀಲಿ! ಹೇಳೋರು ಕೇಳೋರು ಯಾರೂ ಇಲ್ವಾ? ಅಯ್ಯಯ್ಯೋ, ನಡೀ ತಾಯಿ, ಆ ಬಣ್ಣದ ಡಬ್ಬಿ ಎತ್ಕೋ!”

ಶನಿವಾರ ಮಧ್ಯಾಹ್ನವೆಲ್ಲ ನಾನು ಅಂಕಿ ಕೊರೆದ ತಗಡು ಹಿಡಿದೆ, ಅವರು ಬಣ್ಣ ಬಳಿದರು. ನಮ್ಮ ಸುತ್ತ ಗಾಡಿಗಳು ನಿಧಾನವಾಗಿ ಸುತ್ತಿದವು. ಅರವತ್ತನಾಲ್ಕನೆಯದು ಮುಗಿದಾಗ ಅವರ ಹಣೆಗೂ ಬಣ್ಣ, ನನ್ನ ಮೊಣಕೈಗೂ ಬಣ್ಣ. ಅಲ್ಲೇ ಟೈರಿನ ಮೇಲೆ ದಾಸ್ತಾನು ಪುಸ್ತಕ ಇಟ್ಟುಕೊಂಡು ಬರೆದರು. ಸಾಕ್ಷಿಯ ಜಾಗದಲ್ಲಿ ನಾನು ಸಹಿ ಹಾಕಿದೆ.

ಸೋಮವಾರ ಬೆಳಿಗ್ಗೆ ಲಾರಿ ಬಂತು, ಹಿಂದೆಯೇ ಸಾಹೇಬರ ಜೀಪು ಬಂತು. ನಂಬರಣ್ಣ ಒಂದನೇ ಟೈರಿನ ಮೇಲೆ ಪುಸ್ತಕ ಅಪ್ಪಿಕೊಂಡು ಕೂತಿದ್ದರು, ಪಕ್ಕದಲ್ಲಿ ನಾನು ನಿಂತಿದ್ದೆ.

“ಏಳ್ರೀ, ಟೈರು ಎತ್ತಬೇಕು.”

“ಧಾರಾಳವಾಗಿ ಎತ್ತಿಸಿ ಸಾರ್. ವಿಲೇವಾರಿ ಸಮಿತಿ ಸಹಿ ತೋರಿಸಿ.”

“ಯಾವ ಸಮಿತಿ ರೀ? ಇವು ಹಳೇ ಟೈರು!”

“ಬೀರುನೂ ಹಳೇದೇ ಸಾರ್.”

ಸಾಹೇಬರು ಟೈರುಗಳ ಅಂಕಿಗಳನ್ನು ಒಂದೊಂದಾಗಿ ನೋಡುತ್ತ ಬಂದರು. ಮುಖ ಕಪ್ಪಿಟ್ಟಿತು. ಕೊನೆಗೆ ಕಣ್ಣು ನನ್ನ ಮೊಣಕೈಯ ಮೇಲೆ ನಿಂತಿತು. ಬಿಳಿ ಬಣ್ಣ ಇನ್ನೂ ಹೋಗಿರಲಿಲ್ಲ.

“ಏನಮ್ಮ ಇದು?”

ನಾನು ಚಪ್ಪಲಿ ನೋಡಿಕೊಂಡೆ. ಆಮೇಲೆ ತಲೆ ಎತ್ತಿದೆ.

“ನಿಯಮ ಸಾರ್.”

ಲಾರಿ ಬರಿಗೈಯಲ್ಲಿ ವಾಪಸಾಯಿತು. ತಿರುಗಿಸಿಕೊಳ್ಳಲು ಅದೂ ಆ ಟೈರುಗಳನ್ನೇ ಸುತ್ತು ಹಾಕಬೇಕಾಯಿತು, ಮೆಲ್ಲಗೆ.

ನಮ್ಮ ದಾಖಲೆಯ ಪ್ರಕಾರ ಅಲ್ಲಿ ಈಗಲೂ ಸರ್ಕಲ್ ಇಲ್ಲ. ಅಪಾಯವೂ ಇಲ್ಲ. “ಕಚೇರಿಯ ಅರವತ್ತನಾಲ್ಕು ಟೈರುಗಳನ್ನು ತಾತ್ಕಾಲಿಕವಾಗಿ ದುಂಡಗೆ ಜೋಡಿಸಿಡಲಾಗಿದೆ” ಎಂದು ಸಾಹೇಬರೇ ಟಿಪ್ಪಣಿ ಬರೆದರು.

ಅವತ್ತು ಸಂಜೆ ಅಮ್ಮನ ಬಟ್ಟೆಗಂಟು ನಾನು ಹೊತ್ತು ಜೊತೆಗೆ ದಾಟಿದೆ. ಕಾರೊಂದು ನಿಧಾನಿಸಿ ನಿಂತು ನಮಗೆ ದಾರಿ ಬಿಟ್ಟಿತು. ಓಡಿಸುವವನು ಟೈರಿನ ನಂಬರನ್ನು ಏನೋ ಭಾರೀ ಸೂಚನೆಯೆಂಬಂತೆ ಗಂಭೀರವಾಗಿ ಓದುತ್ತಿದ್ದ. ಅಮ್ಮ ಎಡಗಾಲು ಎಳೆಯುತ್ತ, ಅವಸರವಿಲ್ಲದೆ ನಡೆದು, ಆಚೆ ಮುಟ್ಟಿದ ಮೇಲೆ ಹಿಂದಿರುಗಿ ನೋಡಿದಳು.

“ಆ ನಿಮ್ಮ ನಂಬರಣ್ಣಂಗೆ ಹೇಳೇ,” ಎಂದಳು, “ನನ್ನ ಬೆನ್ನಿಗೂ ಒಂದು ಹಾಕಿಬಿಡಲಿ. ಆಮೇಲೆ ಯಾವನು ಬಂದು ಗುದ್ದುತ್ತಾನೋ ನೋಡೋಣ.”